ದೂರು ಕೊಡಲಾಗದವರ ಮನೆಯಲ್ಲಿ ತಪಾಸಣೆ

ಇಂಗ್ಲೆಂಡಿನ ವೆಸ್ಟ್ ಸಸೆಕ್ಸ್ ಕೌಂಟಿಯ ಕಾಪ್‌ಥಾರ್ನ್‌ನಲ್ಲಿ 2009ರಲ್ಲಿ ‘ಆರ್ಕಿಡ್ ವ್ಯೂ’ ಎಂಬ ವೃದ್ಧರ ಆರೈಕೆ ಕೇಂದ್ರ ಬಾಗಿಲು ತೆರೆಯಿತು. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇರುವವರನ್ನೂ ಅಲ್ಲಿ ಸೇರಿಸಿಕೊಳ್ಳುತ್ತಿದ್ದರು. ಆ ದೇಶದಲ್ಲಿ ಇಂಥ ಕೇಂದ್ರಗಳ ಮೇಲೆ ನಿಗಾ ಇಡುವ ‘ಕೇರ್ ಕ್ವಾಲಿಟಿ ಕಮಿಷನ್’ 2010ರಲ್ಲಿ ಅದಕ್ಕೆ ‘ಉತ್ತಮ’ ಎಂಬ ದರ್ಜೆ ಕೊಟ್ಟಿತು. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಮುಚ್ಚಿತು. ಅಲ್ಲಿ ಸಂಭವಿಸಿದ ಸಾವುಗಳ ವಿಚಾರಣೆ ನಡೆಸಿದ ಕಾರೊನರ್ 2013ರಲ್ಲಿ ತೀರ್ಮಾನ ಪ್ರಕಟಿಸಿದರು: ಪರಿಶೀಲನೆಗೆ ಬಂದ 19 ಮಂದಿಯಲ್ಲಿ ಒಬ್ಬರಿಗೂ ಸಿಗಬೇಕಾದ ಮಟ್ಟದ ಆರೈಕೆ ಸಿಕ್ಕಿರಲಿಲ್ಲ, ಅವರಲ್ಲಿ ಐವರ ಸಾವಿಗೆ ನಿರ್ಲಕ್ಷ್ಯವೂ ಒಂದು ಕಾರಣವಾಗಿತ್ತು. ಅಲ್ಲಿ ದೌರ್ಜನ್ಯವೇ ಸಂಸ್ಥೆಯ ರೂಢಿಯಾಗಿತ್ತು ಎಂಬರ್ಥದ ಕಟು ಮಾತನ್ನೂ ಅವರು ಆಡಿದರು. ಇದನ್ನು ಹೊರಗೆಡಹಿದ್ದು ದರ್ಜೆ ಕೊಟ್ಟ ತಪಾಸಣೆಯಲ್ಲ. ಔಷಧ ಕೊಡುವಾಗ ಆದ ತಪ್ಪುಗಳ ದಾಖಲೆಯನ್ನು ಚೂರು ಮಾಡುವಂತೆ ತನಗೆ ಹೇಳಲಾಯಿತೆಂದು ಪೊಲೀಸರ ಬಳಿ ಹೋದ, ಅಲ್ಲಿನ ಕಚೇರಿಯಲ್ಲೇ ಕೆಲಸ ಮಾಡುತ್ತಿದ್ದ ಒಬ್ಬ ಮಹಿಳೆ.

ದರ್ಜೆ ಕೊಟ್ಟವರು ಅಪ್ರಾಮಾಣಿಕರು ಎಂದು ತಳ್ಳಿಹಾಕಿಬಿಟ್ಟರೆ ಈ ಪ್ರಕರಣದಿಂದ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ. ತೊಡಕಿರುವುದು ತಪಾಸಣೆ ಎಂಬ ಕೆಲಸವನ್ನು ನಾವು ಅರ್ಥ ಮಾಡಿಕೊಂಡಿರುವ ರೀತಿಯಲ್ಲಿ. ವಿದ್ಯಾರ್ಥಿನಿಲಯಕ್ಕೆ ಅಧಿಕಾರಿ ಹೋದರೆ ಅಡುಗೆಮನೆ, ಶೌಚಾಲಯ, ದಾಸ್ತಾನು ಪುಸ್ತಕ ನೋಡುತ್ತಾರೆ. ಅವರ ಕಣ್ಣಿಗೆ ತಪ್ಪಿದ್ದನ್ನು ಹುಡುಗರು ಹೇಳುತ್ತಾರೆ. ಸಾರಿನಲ್ಲಿ ಬೇಳೆಯೇ ಇರುವುದಿಲ್ಲ ಎಂದು ಯಾರಾದರೊಬ್ಬ ಎದ್ದು ನಿಂತು ಹೇಳಿಯೇ ಹೇಳುತ್ತಾನೆ. ಆಸ್ಪತ್ರೆಯ ರೋಗಿ ಮನೆಗೆ ಬಂದ ಮೇಲಾದರೂ ಬಾಯಿ ಬಿಡುತ್ತಾನೆ. ಡಿಮೆನ್ಷಿಯಾ ಕೇಂದ್ರದಲ್ಲಿ ಈ ಎರಡನೆಯ ಸಾಕ್ಷಿ ಇಲ್ಲ. ಬೆಳಿಗ್ಗೆ ಆಯಾ ರಟ್ಟೆ ಹಿಡಿದು ಎಳೆದದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ನೆನಪಿದ್ದರೂ ಹೇಳಲು ಮಾತು ಒದಗುವುದಿಲ್ಲ. ಹೇಳಿದರೂ ‘ಅವರು ಹಾಗೇ, ಏನೇನೋ ಹೇಳ್ತಿರ್ತಾರೆ’ ಎಂಬ ಒಂದೇ ಮಾತಿನಲ್ಲಿ ಅದು ಅಳಿಸಿಹೋಗುತ್ತದೆ. ‘ಊಟ ಆಯ್ತಾ ಅಜ್ಜಿ?’ ಎಂದು ಬಂದವರು ಕೇಳಿದರೆ, ಜೀವಮಾನವಿಡೀ ಆಡಿದ ಸೌಜನ್ಯದ ಮಾತು ಅಭ್ಯಾಸಬಲದಿಂದ ಹೊರಬರುತ್ತದೆ: ‘ಆಯ್ತಪ್ಪ, ನಿಂದು?’ ಊಟ ಆಗಿರಲಿ, ಆಗದಿರಲಿ, ಉತ್ತರ ಅದೇ. ವರದಿಯಲ್ಲಿ ಮಾತ್ರ ‘ನಿವಾಸಿಗಳು ತೃಪ್ತರಾಗಿದ್ದಾರೆ’ ಎಂದು ದಾಖಲಾಗುತ್ತದೆ. ಕೊನೆಗೆ ಅಧಿಕಾರಿಯ ಮುಂದೆ ಉಳಿಯುವುದು ಆಡಳಿತ ಮಂಡಳಿ ತಾನೇ ಬರೆದಿಟ್ಟ ಪುಸ್ತಕಗಳು. ಆರೋಪ ಯಾರ ಮೇಲೆ ಬರಬಹುದೋ ಅವರ ಹೇಳಿಕೆಯೊಂದನ್ನೇ ಕೇಳಿ ತೀರ್ಪು ಕೊಡುವ ನ್ಯಾಯಾಲಯವನ್ನು ನಾವು ಒಪ್ಪುವುದಿಲ್ಲ. ಆದರೆ ಮರೆವಿನ ಕಾಯಿಲೆಯವರ ಮನೆಗಳ ವಿಷಯದಲ್ಲಿ ಹೆಚ್ಚುಕಡಿಮೆ ಅದನ್ನೇ ತಪಾಸಣೆ ಎಂದು ಕರೆಯುತ್ತಿದ್ದೇವೆ.

ಆದರೆ ಈ ಜನ ನಿಜಕ್ಕೂ ಮೂಕರಲ್ಲ. ಅವರ ಸಾಕ್ಷ್ಯ ಬೇರೆ ರೂಪದಲ್ಲಿ ಬರುತ್ತದೆ: ಮುಟ್ಟದೆ ಬಿಟ್ಟ ತಟ್ಟೆ, ಸಡಿಲವಾಗುತ್ತಾ ಹೋಗುವ ಬಟ್ಟೆ, ಸ್ನಾನದ ಹೊತ್ತಿಗೆ ಶುರುವಾಗುವ ಕೂಗಾಟ, ಬಾಗಿಲ ಬಳಿಯ ಅಲೆದಾಟ, ಒಬ್ಬ ನಿರ್ದಿಷ್ಟ ಸಿಬ್ಬಂದಿ ಹತ್ತಿರ ಬಂದರೆ ಮುದುಡಿಕೊಳ್ಳುವ ಮೈ. ಈ ಸಾಕ್ಷ್ಯವನ್ನು ಓದಬಲ್ಲವರು, ಓದುವುದಕ್ಕೆ ಬೇಕಾದಷ್ಟು ಹೊತ್ತು ಅಲ್ಲಿ ಕುಳಿತುಕೊಳ್ಳುವವರು ಮಾತ್ರ ಇಂಥ ಮನೆಯ ಗುಣಮಟ್ಟ ಅಳೆಯಬಲ್ಲರು ಎಂಬುದು ನನ್ನ ವಾದ. ಕಡತ ಬೇಡವೆಂದಲ್ಲ. ಕಣ್ಣಿಗೆ ಕಂಡದ್ದನ್ನು ಕಡತದೊಂದಿಗೆ ಹೋಲಿಸಿ ನೋಡಬೇಕು. ಈಗಿನಂತೆ ಕಡತ ಓದಿದ ಮೇಲೆ ಉಳಿದ ಹೊತ್ತಿನಲ್ಲಿ ಕೋಣೆಗಳ ಕಡೆ ಕಣ್ಣು ಹಾಯಿಸಿ ಬರುವುದಲ್ಲ. ಗುಣಮಟ್ಟ ಸುಧಾರಿಸುವ ದಾರಿಯೂ ಇಲ್ಲಿಂದಲೇ ಹೊರಡುತ್ತದೆ.

ನಡವಳಿಕೆಯೇ ಸಾಕ್ಷ್ಯ ಎಂಬುದು ಭಾವುಕತೆಯ ಮಾತಲ್ಲ. ನಾರ್ವೆಯ 18 ಕೇಂದ್ರಗಳಲ್ಲಿ ಮಧ್ಯಮದಿಂದ ತೀವ್ರ ಹಂತದ ಡಿಮೆನ್ಷಿಯಾ ಇದ್ದು ವರ್ತನೆಯ ತೊಂದರೆಯೂ ಇದ್ದ 352 ಮಂದಿಯ ಮೇಲೆ ನಡೆದ ಒಂದು ಅಧ್ಯಯನ 2011ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾಯಿತು. ಕೂಗಾಡುವ, ಹೊಡೆಯಲು ಬರುವ, ಕೂತಲ್ಲಿ ಕೂರದ ಈ ಹಿರಿಯರಲ್ಲಿ ಅರ್ಧದಷ್ಟು ಜನರಿಗೆ ಎಂಟು ವಾರ ಹಂತಹಂತವಾಗಿ ನೋವಿನ ಔಷಧ ಕೊಟ್ಟರು. ಬಹುಪಾಲು ಮಂದಿಗೆ ಪ್ಯಾರಾಸಿಟಮಾಲ್‌ಗಿಂತ ಮುಂದಿನದು ಬೇಕಾಗಲಿಲ್ಲ. ಎಂಟು ವಾರದಲ್ಲಿ ಅವರ ಕಳವಳ, ಕೂಗಾಟ ಶೇ 17ರಷ್ಟು ತಗ್ಗಿತ್ತು. ಮೊಣಕಾಲು ನೋವು, ಹಲ್ಲುನೋವು, ಮಲಬದ್ಧತೆ, ಹಾಸಿಗೆ ಹುಣ್ಣು ಇವನ್ನು ಹೇಳಿಕೊಳ್ಳಲಾಗದ ಮನುಷ್ಯ ಮತ್ತಿನ್ನು ಹೇಗೆ ತಾನೆ ಹೇಳಬೇಕು? ‘ಹಟಮಾರಿ’, ‘ಕಾಟ ಕೊಡುವ ಕೇಸು’ ಎಂದು ಕೇಂದ್ರದ ಸಿಬ್ಬಂದಿ ಯಾರನ್ನು ತೋರಿಸುತ್ತಾರೋ, ತಪಾಸಣೆ ಮಾಡುವವರು ಮೊದಲು ಹೋಗಿ ಕೂರಬೇಕಾದದ್ದು ಅವರ ಪಕ್ಕದಲ್ಲಿ.

ಹೀಗೆ ಕೂತು ನೋಡುವುದಕ್ಕೆ ಒಂದು ಶಿಸ್ತನ್ನು ರೂಪಿಸಿದವರು ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದ ಟಾಮ್ ಕಿಟ್‌ವುಡ್. 1997ರಲ್ಲಿ ಬಂದ ಅವರ ‘ಡಿಮೆನ್ಷಿಯಾ ರೀಕನ್ಸಿಡರ್ಡ್’ ಪುಸ್ತಕ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಮಿದುಳಿನ ಜೀವಕೋಶ ಸಾಯುವುದರಿಂದ ಮಾತ್ರವಲ್ಲ, ಸುತ್ತಲಿನವರು ನಡೆಸಿಕೊಳ್ಳುವ ರೀತಿಯಿಂದಲೂ ಈ ಮನುಷ್ಯರು ಕುಗ್ಗುತ್ತಾರೆ ಎಂದು ಅವರು ವಾದಿಸಿದರು. ಹಾಗೆ ಕುಗ್ಗಿಸುವ ನಡೆಗಳಲ್ಲಿ 17 ಬಗೆಗಳನ್ನು ಗುರುತಿಸಿ ಹೆಸರಿಟ್ಟರು: ಸುಳ್ಳು ಹೇಳಿ ಒಪ್ಪಿಸುವುದು, ಮಗುವಿನಂತೆ ಮಾತನಾಡಿಸುವುದು, ಅವರಿಗೆ ನಿಲುಕದ ವೇಗದಲ್ಲಿ ಕೆಲಸ ಮುಗಿಸುವುದು, ಎದುರಿಗಿದ್ದರೂ ಇಲ್ಲದವರಂತೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವುದು, ತಾವೇ ಮಾಡಿಕೊಳ್ಳಬಲ್ಲ ಕೆಲಸವನ್ನು ಕೈಯಿಂದ ಕಿತ್ತುಕೊಳ್ಳುವುದು, ವಸ್ತುವನ್ನು ಎತ್ತಿಟ್ಟಂತೆ ಎತ್ತಿ ಕೂರಿಸುವುದು. ಇವನ್ನು ಮಾಡುವವರು ಕೆಟ್ಟವರಲ್ಲ, ಎಷ್ಟೋ ಸಲ ಪ್ರೀತಿಯಿಂದಲೇ ಮಾಡುತ್ತಾರೆ ಎಂದೂ ಕಿಟ್‌ವುಡ್ ಒತ್ತಿ ಹೇಳಿದರು. ಆ ಕಾರಣಕ್ಕೇ ಇವು ಯಾವ ದೂರಿನ ಪೆಟ್ಟಿಗೆಗೂ ಬೀಳುವುದಿಲ್ಲ. ಅವರ ಬಳಗ ರೂಪಿಸಿದ ‘ಡಿಮೆನ್ಷಿಯಾ ಕೇರ್ ಮ್ಯಾಪಿಂಗ್’ ವಿಧಾನದಲ್ಲಿ ತರಬೇತಿ ಪಡೆದವರು ಹಜಾರದಲ್ಲೋ ಊಟದ ಮನೆಯಲ್ಲೋ ಗಂಟೆಗಟ್ಟಲೆ ಕೂತು, ಕೆಲವೇ ನಿವಾಸಿಗಳನ್ನು ಆಯ್ದುಕೊಂಡು, ಪ್ರತಿ ಐದು ನಿಮಿಷಕ್ಕೊಮ್ಮೆ ಬರೆದುಕೊಳ್ಳುತ್ತಾರೆ: ಈ ಹೊತ್ತಿನಲ್ಲಿ ಇವರು ಏನು ಮಾಡುತ್ತಿದ್ದರು, ಮುಖಭಾವ ಹೇಗಿತ್ತು, ಯಾರಾದರೂ ಮಾತಾಡಿಸಿದರೇ, ಮಾತಾಡಿಸಿದ ಮೇಲೆ ಮುಖ ಅರಳಿತೇ ಬಾಡಿತೇ. ಮಲಗುವ ಕೋಣೆ, ಸ್ನಾನದ ಕೋಣೆಯೊಳಗೆ ಹೋಗಿ ನೋಡುವುದಿಲ್ಲ; ಅದು ಅವರ ಮರ್ಯಾದೆಯ ಪ್ರಶ್ನೆ. ಇದೇ ವಿಧಾನದ ಸಂಕ್ಷಿಪ್ತ ರೂಪವೊಂದನ್ನು ಸರ್ಕಾರಿ ತಪಾಸಣೆಗೆಂದೇ ಬ್ರಾಡ್‌ಫರ್ಡ್‌ನ ನೆರವಿನಿಂದ ಸಿದ್ಧಪಡಿಸಿದ್ದಾರೆ. ಮಾತು ನಿಂತುಹೋದವರ ಅನುಭವ ತಿಳಿಯಲು ಇಂಗ್ಲೆಂಡಿನ ತಪಾಸಣಾಧಿಕಾರಿಗಳು ಅದನ್ನು ಬಳಸುತ್ತಾರೆ.

ಒಂದು ಊಟದ ಹೊತ್ತು ಕೂತರೆ ಏನೇನು ಕಂಡೀತು ಎಂದು ಯೋಚಿಸಿ. ನಮ್ಮ ಕಡೆಯ ಕೇಂದ್ರವೊಂದರಲ್ಲಿ ಇಪ್ಪತ್ತು ಜನ ಊಟಕ್ಕೆ ಕುಳಿತಿದ್ದಾರೆ, ಬಡಿಸುವವರು ಇಬ್ಬರು ಎನ್ನಿ. ತಾನಾಗಿ ತಿನ್ನಬಲ್ಲವರಿಗೂ ಆಯಾ ತುತ್ತು ಇಡುತ್ತಿದ್ದರೆ ಅದರರ್ಥ ಅಲ್ಲಿ ಸಮಯವಿಲ್ಲ. ಕೈಯಾರೆ ತಿನ್ನಲು ಮುಕ್ಕಾಲು ಗಂಟೆ ಬೇಕು, ತಿನ್ನಿಸಿದರೆ ಹತ್ತು ನಿಮಿಷ. ಆದರೆ ಕೈ ಬಾಯಿಗೆ ಹೋಗುವ ಅಭ್ಯಾಸ ಒಮ್ಮೆ ತಪ್ಪಿದರೆ ಮತ್ತೆ ಬರುವುದು ಕಷ್ಟ. ನುಂಗುವ ಮುಂಚೆ ಮುಂದಿನ ತುತ್ತು ಬಂದರೆ ಅನ್ನ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾಕ್ಕೆ ದಾರಿಯಾಗಬಹುದು. ತಟ್ಟೆ ತುಂಬಿದ ಹಾಗೇ ವಾಪಸು ಹೋದರೆ ‘ಹಸಿವಿಲ್ಲವಂತೆ’ ಎಂದು ಬರೆಯುವುದು ಸುಲಭ. ಬಿಳಿ ತಟ್ಟೆಯಲ್ಲಿ ಬಿಳಿ ಮೊಸರನ್ನ ಆ ಕಣ್ಣಿಗೆ ಕಾಣಿಸಿತೇ ಎಂದು ಯಾರೂ ಕೇಳುವುದಿಲ್ಲ. ಬಣ್ಣಗಳ ನಡುವಿನ ವ್ಯತ್ಯಾಸ ಗ್ರಹಿಸುವ ಶಕ್ತಿ ಅಲ್ಝೈಮರ್ಸ್‌ನಲ್ಲಿ ಕುಂದುತ್ತದೆ. ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಿಳಿಯ ಬದಲು ಗಾಢ ಕೆಂಪು ತಟ್ಟೆ–ಲೋಟ ಕೊಟ್ಟಾಗ ತೀವ್ರ ಹಂತದ ರೋಗಿಗಳು ತಿನ್ನುವ ಪ್ರಮಾಣ ಶೇ 25ರಷ್ಟು, ಕುಡಿಯುವ ಪ್ರಮಾಣ ಶೇ 84ರಷ್ಟು ಹೆಚ್ಚಿತು. ಅದು ಒಂಬತ್ತೇ ಜನರ ಮೇಲಿನ ಪುಟ್ಟ ಪ್ರಯೋಗ, ಅದರ ಮೇಲೆ ಮಹಾ ಸಿದ್ಧಾಂತ ಕಟ್ಟಬಾರದು. ಆದರೆ ತಟ್ಟೆ ಬದಲಿಸಿ ನೋಡಲು ಎಷ್ಟು ಖರ್ಚಾದೀತು? ಅಡುಗೆಮನೆಯ ಪರವಾನಗಿ, ತಿಂಡಿ ಪಟ್ಟಿ, ಆಹಾರ ತಜ್ಞರ ಸಹಿ ಎಲ್ಲ ಸರಿಯಾಗಿದ್ದು ನಿವಾಸಿಗಳ ತೂಕ ಮಾತ್ರ ಇಳಿಯುತ್ತಿರುವ ಮನೆಯಲ್ಲಿ, ಈ ಪ್ರಶ್ನೆಗಳು ಹುಟ್ಟುವುದು ಊಟದ ಹೊತ್ತಿನಲ್ಲಿ ಕೂತವರಿಗೆ ಮಾತ್ರ.

ಕಾಗದದಿಂದಲೂ ತಿಳಿಯುವಂಥದ್ದು ಇದೆ, ಸರಿಯಾದ ಕಾಗದ ಕೇಳಿದರೆ. ಎಲ್ಲಕ್ಕಿಂತ ಮುಖ್ಯವಾದದ್ದು ಔಷಧದ ಚಾರ್ಟು. ಸ್ಕಿಜೋಫ್ರೇನಿಯಾದಂಥ ಕಾಯಿಲೆಗಳಿಗೆಂದು ಬಂದ ಆ್ಯಂಟಿಸೈಕೋಟಿಕ್ ಮಾತ್ರೆಗಳನ್ನು ಮರೆವಿನ ಕಾಯಿಲೆಯವರನ್ನು ಸುಮ್ಮನಿರಿಸಲು ಜಗತ್ತಿನಾದ್ಯಂತ ಬಳಸುತ್ತಾರೆ. ಇವು ಡಿಮೆನ್ಷಿಯಾ ಇರುವ ವೃದ್ಧರ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಅತ್ಯಂತ ಗಂಭೀರ ಸ್ವರೂಪದ ಎಚ್ಚರಿಕೆ ಕೊಟ್ಟಿತು. ಇಂಗ್ಲೆಂಡಿನಲ್ಲಿ ಪ್ರೊ. ಸುಬೆ ಬ್ಯಾನರ್ಜಿ 2009ರಲ್ಲಿ ಸರ್ಕಾರಕ್ಕೆ ಕೊಟ್ಟ ವರದಿಯ ಅಂದಾಜಿನಂತೆ, ವರ್ಷಕ್ಕೆ ಸುಮಾರು 1,80,000 ಡಿಮೆನ್ಷಿಯಾ ರೋಗಿಗಳಿಗೆ ಇವನ್ನು ಕೊಡಲಾಗುತ್ತಿತ್ತು. ಸ್ವಲ್ಪವಾದರೂ ಪ್ರಯೋಜನ ಆಗಬಹುದಾಗಿದ್ದದ್ದು ಸುಮಾರು 36,000 ಮಂದಿಗೆ. ಹೆಚ್ಚುವರಿ ಸಾವು ವರ್ಷಕ್ಕೆ ಸುಮಾರು 1,800. ವರದಿ ಬಂದು, ಲೆಕ್ಕ ಇಡುವುದು ಶುರುವಾದ ಕೆಲವೇ ವರ್ಷಗಳಲ್ಲಿ ಬಳಕೆ ಅರ್ಧದಷ್ಟು ಇಳಿದಿದ್ದು ರಾಷ್ಟ್ರಮಟ್ಟದ ಲೆಕ್ಕಪರಿಶೋಧನೆಯಲ್ಲಿ ಕಂಡಿತು. ಎಣಿಸಿದ್ದು ಬದಲಾಗುತ್ತದೆ ಎಂಬುದಕ್ಕೆ ಇದು ಪುರಾವೆ. ಎಣಿಕೆಯನ್ನು ವಂಚಿಸಬಹುದು ಎಂಬುದಕ್ಕೆ ಪುರಾವೆ ಅಮೆರಿಕದಲ್ಲಿದೆ. ಅಲ್ಲಿ 2012ರಿಂದ ಕೇಂದ್ರವಾರು ಬಳಕೆಯನ್ನು ಇಳಿಸುವ ರಾಷ್ಟ್ರೀಯ ಅಭಿಯಾನ ನಡೆಯಿತು. ಸ್ಕಿಜೋಫ್ರೇನಿಯಾ ಇರುವವರನ್ನು ಲೆಕ್ಕದಿಂದ ಹೊರಗಿಟ್ಟಿದ್ದರು. 2021ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ನಡೆಸಿದ ತನಿಖೆ, ಮಾತ್ರೆ ಮುಂದುವರಿಸಲೆಂದೇ ವೃದ್ಧರಿಗೆ ಹೊಸದಾಗಿ ಸ್ಕಿಜೋಫ್ರೇನಿಯಾದ ಹೆಸರು ಅಂಟಿಸುತ್ತಿದ್ದ ಪರಿಪಾಠವನ್ನು ಬಯಲಿಗೆಳೆಯಿತು. ಯೌವನದಲ್ಲಿ ಕಾಣಿಸಿಕೊಳ್ಳುವ ಕಾಯಿಲೆ ಎಂಬತ್ತರ ವಯಸ್ಸಿನಲ್ಲಿ, ಅದೂ ಆರೈಕೆ ಕೇಂದ್ರಕ್ಕೆ ಸೇರಿದ ಮೇಲೆ, ಗುಂಪುಗುಂಪಾಗಿ ಬರುವುದು ಹೇಗೆ? ಕಡತ ನಿರ್ದೋಷವಾಗಿತ್ತು. ಮಧ್ಯಾಹ್ನ ಮೂರು ಗಂಟೆಗೆ ಗಲ್ಲ ಎದೆಗೆ ತಾಗಿಸಿ ತೂಕಡಿಸುತ್ತಿದ್ದವರ ಸಾಲನ್ನು ನೋಡಿದ್ದರೆ ಕಡತದ ಮೇಲೆ ಅನುಮಾನ ಬರುತ್ತಿತ್ತು.

ಸಿಬ್ಬಂದಿಯ ಲೆಕ್ಕವೂ ಹಾಗೆಯೇ. ಅಮೆರಿಕದಲ್ಲಿ ಕೇಂದ್ರಗಳು ತಮ್ಮ ಸಿಬ್ಬಂದಿ ಸಂಖ್ಯೆಯನ್ನು ತಾವೇ ಹೇಳಿ ನಕ್ಷತ್ರದ ದರ್ಜೆ ಪಡೆಯುತ್ತಿದ್ದವು. 2016ರಿಂದ ವೇತನ ಪಾವತಿಯ ದಾಖಲೆಯನ್ನೇ ಸಲ್ಲಿಸುವುದು ಕಡ್ಡಾಯವಾದ ಮೇಲೆ, ಹೇಳಿಕೆಗೂ ವಾಸ್ತವಕ್ಕೂ ಇದ್ದ ಅಂತರ ಹೊರಬಿತ್ತು; ವಾರಾಂತ್ಯದಲ್ಲಿ ಸಿಬ್ಬಂದಿ ಎಷ್ಟು ತೆಳುವಾಗುತ್ತಾರೆ ಎಂಬುದೂ ದಿನದಿನದ ಲೆಕ್ಕದಲ್ಲಿ ಕಂಡಿತು. ಹಾಜರಿ ಪುಸ್ತಕಕ್ಕಿಂತ ಸಂಬಳದ ಪಟ್ಟಿ ನಂಬಲರ್ಹ. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಮುಂಚಿತವಾಗಿ ತಿಳಿಸಿ ಹೋಗುವುದಕ್ಕಿಂತ, ಭಾನುವಾರವೋ ರಾತ್ರಿ ಒಂಬತ್ತಕ್ಕೋ ತಿಳಿಸದೆ ಹೋಗುವುದು ಹೆಚ್ಚು ಸತ್ಯ ತೋರಿಸುತ್ತದೆ.

ಇಲ್ಲಿ ಗಂಭೀರವಾದ ಆಕ್ಷೇಪವೊಂದಿದೆ. ಕಣ್ಣಿನಿಂದ ನೋಡಿ ಅಳೆಯುವುದು ವ್ಯಕ್ತಿನಿಷ್ಠವಲ್ಲವೇ? ಒಬ್ಬ ಅಧಿಕಾರಿಗೆ ನೆಮ್ಮದಿಯಾಗಿ ಕಂಡದ್ದು ಇನ್ನೊಬ್ಬರಿಗೆ ನಿರಾಸಕ್ತಿಯಾಗಿ ಕಾಣಬಹುದು. ತರಬೇತಿಯಿಲ್ಲದ ಕಣ್ಣಿನ ಮಟ್ಟಿಗೆ ಈ ಆಕ್ಷೇಪ ಪೂರ್ತಿ ನಿಜ. ಕೇರ್ ಕ್ವಾಲಿಟಿ ಕಮಿಷನ್‌ನ ಕಾರ್ಯವೈಖರಿಯ ಬಗ್ಗೆ ಡಾ. ಪೆನ್ನಿ ಡ್ಯಾಶ್ ನಡೆಸಿದ ಪರಾಮರ್ಶೆಯ ಮಧ್ಯಂತರ ವರದಿ 2024ರ ಜುಲೈನಲ್ಲಿ ಬಂತು. ಡಿಮೆನ್ಷಿಯಾ ಇರುವ ಒಬ್ಬರನ್ನೂ ಎಂದೂ ಭೇಟಿಯೇ ಆಗಿರದ ವ್ಯಕ್ತಿ ಆರೈಕೆ ಕೇಂದ್ರದ ತಪಾಸಣೆಗೆ ಹೋದದ್ದುಂಟು ಎಂಬ ಮಾತು ಅದರಲ್ಲಿದೆ. ಸಂಸ್ಥೆಯ ವ್ಯಾಪ್ತಿಯ ಸೇವಾಸ್ಥಳಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ ಒಮ್ಮೆಯೂ ದರ್ಜೆ ಸಿಕ್ಕಿರಲಿಲ್ಲ. ಸಂಸ್ಥೆ ತನ್ನ ಕೆಲಸಕ್ಕೆ ತಕ್ಕುದಾಗಿಲ್ಲ ಎಂದು ಆ ದೇಶದ ಆರೋಗ್ಯ ಸಚಿವರೇ ಬಹಿರಂಗವಾಗಿ ಹೇಳಿದರು. ಸುರಕ್ಷತೆ, ಪರಿಣಾಮ, ಕಾಳಜಿ, ಸ್ಪಂದನೆ, ನಾಯಕತ್ವ ಎಂಬ ಐದು ಪ್ರಶ್ನೆಗಳ ಚೌಕಟ್ಟು, ಜಾಲತಾಣದಲ್ಲಿ ಪ್ರಕಟವಾಗುವ ವರದಿ, ಇಷ್ಟೆಲ್ಲ ಇದ್ದ ದೇಶದ ಕಥೆ ಇದು. ಆದರೆ ಇದರಿಂದ ನೋಡುವುದು ವ್ಯರ್ಥ ಎಂಬ ತೀರ್ಮಾನ ಹೊರಡುವುದಿಲ್ಲ. ನೋಡಲು ಕಲಿತವರನ್ನು ಕಳಿಸಲಿಲ್ಲ ಎಂಬುದಷ್ಟೇ ಹೊರಡುತ್ತದೆ. ಎದೆಬಡಿತ ಕೇಳುವುದೂ ಕಲಿಕೆಯಿಂದ ಬಂದದ್ದೇ. ವೈದ್ಯರ ಕಿವಿಯನ್ನು ವ್ಯಕ್ತಿನಿಷ್ಠವೆಂದು ಯಾರೂ ಬದಿಗಿಡುವುದಿಲ್ಲ. ಇಬ್ಬರು ಬೇರೆಬೇರೆಯಾಗಿ ನೋಡಿ ಬರೆದುಕೊಂಡು ಹೋಲಿಸುವ ಪದ್ಧತಿ ಇಟ್ಟರೆ ಅಭಿಪ್ರಾಯಭೇದ ಎಷ್ಟೆಂಬುದನ್ನೂ ಅಳೆಯಬಹುದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಬಲವಾದದ್ದು: ನೋಡುವುದರಿಂದ ಏನಾದರೂ ಸುಧಾರಿಸುತ್ತದೆಯೇ? ಸಿಡ್ನಿಯ 15 ಕೇಂದ್ರಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮ್ಯಾಪಿಂಗ್‌ನಿಂದ ನಿವಾಸಿಗಳ ಕಳವಳ ಕಡಿಮೆಯಾಯಿತು. ಆದರೆ ಇಂಗ್ಲೆಂಡಿನ 50 ಕೇಂದ್ರಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅಂಥ ಲಾಭ ಕಾಣಲಿಲ್ಲ. ಈ ಫಲಿತಾಂಶವನ್ನು ಮುಚ್ಚಿಟ್ಟು ವಾದ ಮಾಡುವುದು ಸರಿಯಲ್ಲ. ವಿವರ ನೋಡಿದರೆ, ಕೆಲಸ ವಹಿಸಿಕೊಂಡ ಕೇಂದ್ರಗಳಲ್ಲಿ ಹೆಚ್ಚಿನವು ಒಂದು ಸುತ್ತಿನ ಆಚೆಗೆ ವೀಕ್ಷಣೆಯನ್ನು ಮುಂದುವರಿಸಿಯೇ ಇರಲಿಲ್ಲ. ಮೊದಲೇ ಕೈ ಸಾಲದ ಮನೆಯಲ್ಲಿ ಸಿಬ್ಬಂದಿಗೇ ಇನ್ನೊಂದು ಹೊರೆ ಹೊರಿಸಿದರೆ ಹಾಗಾಗುವುದು ಸಹಜ. ನೋಡುವುದು ರೋಗ ಪತ್ತೆ. ಚಿಕಿತ್ಸೆ ಬೇರೆಯೇ ಇದೆ. ಆ ಚಿಕಿತ್ಸೆ ಹೇಗಿರಬಹುದು ಎಂಬುದಕ್ಕೆ 2018ರಲ್ಲಿ ಪ್ರಕಟವಾದ ‘ವೆಲ್ಡ್’ ಎಂಬ ಬ್ರಿಟಿಷ್ ಪ್ರಯೋಗ ಒಳ್ಳೆಯ ಉತ್ತರ. 69 ಕೇಂದ್ರಗಳ 847 ನಿವಾಸಿಗಳು ಅದರಲ್ಲಿದ್ದರು. ಹೊಸ ವಿಧಾನ ಅನುಸರಿಸಿದ ಪ್ರತಿ ಕೇಂದ್ರದಲ್ಲೂ ಸಿಬ್ಬಂದಿಯ ಪೈಕಿ ಕೆಲವರನ್ನೇ ಆರಿಸಿ, ಅವರಿಗೆ ವ್ಯಕ್ತಿಯನ್ನು ಕೇಂದ್ರದಲ್ಲಿಟ್ಟು ಆರೈಕೆ ಮಾಡುವ ತರಬೇತಿ ಕೊಟ್ಟು, ಅವರ ಮೂಲಕ ಉಳಿದವರಿಗೆ ಕಲಿಸಿದರು. ಪ್ರತಿ ನಿವಾಸಿಗೂ ವಾರಕ್ಕೆ ಒಂದು ಗಂಟೆಯಾದರೂ ಅವರಿಗೆ ಇಷ್ಟವಾದ ಒಡನಾಟ ಸಿಗುವಂತೆ ನೋಡಿಕೊಂಡರು. ಔಷಧಗಳ ಮರುಪರಿಶೀಲನೆಗೆ ಒತ್ತು ಕೊಟ್ಟರು. ಒಂಬತ್ತು ತಿಂಗಳಲ್ಲಿ ಬದುಕಿನ ಗುಣಮಟ್ಟ ಏರಿತು, ಕಳವಳ ಇಳಿಯಿತು, ಒಟ್ಟು ವೆಚ್ಚ ಮಾಮೂಲಿ ಆರೈಕೆಗಿಂತ ಕಡಿಮೆಯೇ ಆಯಿತು. ವಾರಕ್ಕೆ ಒಂದು ಗಂಟೆ! ಅಷ್ಟೂ ಸಿಗದ ಬದುಕು ಹೇಗಿರುತ್ತದೆಂಬುದನ್ನು ಈ ಸಂಖ್ಯೆಯೇ ಹೇಳುತ್ತದೆ. ತಪಾಸಣೆ ಕೇಳಬೇಕಾದ ಪ್ರಶ್ನೆಯೂ ಇದೇ: ಕಳೆದ ವಾರ ಇವರೊಂದಿಗೆ, ಸ್ನಾನ, ಊಟ, ಡೈಪರ್ ಬದಲಿಸುವುದರ ಹೊರತಾಗಿ, ಯಾರು ಎಷ್ಟು ಹೊತ್ತು ಕಳೆದರು?

ಈಗ ನಮ್ಮ ಮಾತಿಗೆ ಬರೋಣ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ಭಾರತದ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಇವರಲ್ಲಿ ಬಹುಪಾಲು ಜನರನ್ನು ನೋಡಿಕೊಳ್ಳುತ್ತಿರುವುದು ಮನೆಯ ಹೆಂಗಸರು. ಆದರೆ ಮಕ್ಕಳು ಅಮೆರಿಕ, ಆಸ್ಟ್ರೇಲಿಯಾದಲ್ಲಿರುವ, ಅಥವಾ ಇಬ್ಬರೂ ದುಡಿಯಲು ಹೋಗುವ ಬೆಂಗಳೂರು, ಮೈಸೂರು, ಮಂಗಳೂರಿನ ಮನೆಗಳಿಗೆ ಆರೈಕೆ ಕೇಂದ್ರ ಈಗಾಗಲೇ ಅನಿವಾರ್ಯವಾಗಿದೆ. ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ತೆರೆದ ಅಲ್ಝೈಮರ್ಸ್ ಕೇಂದ್ರದಂಥವು ದಾರಿ ತೋರಿದವು. ಅನಂತರ ಮನೆ ಬಾಡಿಗೆ ಹಿಡಿದು ಫಲಕ ತೂಗುಹಾಕಿದವರೂ ಬಂದರು. ಇವರೆಲ್ಲರನ್ನೂ ನೋಡುವವರು ಯಾರು? 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಜಿಲ್ಲೆಗೊಂದು ವೃದ್ಧಾಶ್ರಮದ ಮಾತಾಡುತ್ತದೆ. ಖಾಸಗಿ ಆರೈಕೆ ಮನೆಗಳ ನೋಂದಣಿ ಮತ್ತು ಕನಿಷ್ಠ ಗುಣಮಟ್ಟವನ್ನು ಅದಕ್ಕೆ ಸೇರಿಸಲು 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದ ತಿದ್ದುಪಡಿ ಮಸೂದೆ ಕಾಯ್ದೆಯಾಗದೆ ಬಿದ್ದುಹೋಯಿತು. ಉಳಿದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ನೆನಪು ಮತ್ತು ಗ್ರಹಿಕೆಯ ತೀವ್ರ ತೊಂದರೆ ಅದರ ವ್ಯಾಖ್ಯೆಯಲ್ಲೇ ಇರುವುದರಿಂದ, ಡಿಮೆನ್ಷಿಯಾ ರೋಗಿಗಳನ್ನು ಇರಿಸಿಕೊಂಡು ಆರೈಕೆ ಮಾಡುವ ಕೇಂದ್ರ ಆ ಕಾಯ್ದೆಯ ಕೆಳಗೆ ಬರುತ್ತದೆಂದೇ ನಾನು ಓದಿಕೊಳ್ಳುತ್ತೇನೆ. ಅದರಲ್ಲಿ ಒಳ್ಳೆಯ ಅಂಶಗಳಿವೆ: ಮೂರು ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ, ದೂರಿನ ಮೇಲೆ ಅಥವಾ ಪ್ರಾಧಿಕಾರ ತಾನಾಗಿಯೇ ತಪಾಸಣೆ ನಡೆಸುವ ಅಧಿಕಾರ. 97ನೇ ಕಲಮು ಕಟ್ಟಿಹಾಕುವುದನ್ನು ಬಿಗಿಯಾಗಿ ನಿರ್ಬಂಧಿಸುತ್ತದೆ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ಕಾರಣವನ್ನು ದಾಖಲಿಸಿ ಎನ್ನುತ್ತದೆ. ಸಿಬ್ಬಂದಿ ಸಾಲದು ಎಂಬ ಕಾರಣಕ್ಕೆ ಕಟ್ಟಬಾರದು ಎಂದೂ ಸ್ಪಷ್ಟವಾಗಿ ಹೇಳುತ್ತದೆ. ಆದರೆ ‘ನಮ್ಮದು ವೃದ್ಧಾಶ್ರಮ’ ಎಂದು ಫಲಕ ಬರೆಸಿಕೊಂಡ ಮನೆಯ ಬಾಗಿಲನ್ನು ಈ ಕಾಯ್ದೆ ತಟ್ಟುವುದೇ ಇಲ್ಲ.

ಕಟ್ಟದಿದ್ದರೆ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ, ಆಗ ಮಕ್ಕಳು ನಮ್ಮನ್ನೇ ಬೈಯುತ್ತಾರೆ ಎಂಬುದು ಕೇಂದ್ರ ನಡೆಸುವವರ ಭಯ. ಈ ಭಯ ಸುಳ್ಳಲ್ಲ, ಆದರೆ ಆಧಾರ ಸಾಲದು. ಜರ್ಮನಿಯ 36 ಕೇಂದ್ರಗಳ ಪೈಕಿ ಅರ್ಧದಷ್ಟರಲ್ಲಿ ಸಿಬ್ಬಂದಿಗೆ ತಿಳಿವಳಿಕೆ ಕೊಟ್ಟು ಬೆಲ್ಟು, ಮಂಚದ ಕಂಬಿ ಮುಂತಾದವುಗಳ ಬಳಕೆ ತಗ್ಗಿಸಿದ ಪ್ರಯೋಗವೊಂದು 2012ರಲ್ಲಿ ಪ್ರಕಟವಾಯಿತು. ಆರು ತಿಂಗಳ ಬಳಿಕ ಅಲ್ಲಿ ಕಟ್ಟುವ ಪ್ರಮಾಣ ಶೇ 22.6, ಮಾಮೂಲಿ ಕೇಂದ್ರಗಳಲ್ಲಿ ಶೇ 29.1, ಬೀಳುವ, ಮೂಳೆ ಮುರಿಯುವ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ.

ನಿಯಮ ಬಿಗಿ ಮಾಡಿದರೆ ಇರುವ ನಾಲ್ಕು ಕೇಂದ್ರಗಳೂ ಮುಚ್ಚುತ್ತವೆ, ಅಥವಾ ಶ್ರೀಮಂತರಿಗೆ ಮಾತ್ರ ಎಟುಕುತ್ತವೆ ಎಂಬ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕೋಣೆಯ ಅಳತೆ, ಲಿಫ್ಟು, ಹೆಚ್ಚುವರಿ ಪ್ರಮಾಣಪತ್ರ ಎಂದು ಕಟ್ಟಡದ ಮೇಲೆ ಷರತ್ತು ಹೇರುತ್ತಾ ಹೋದರೆ ಹಾಗೇ ಆಗುತ್ತದೆ. ಆದರೆ ಇಲ್ಲಿ ಹೇಳಿದ ಸುಧಾರಣೆಗಳಲ್ಲಿ ಹೆಚ್ಚಿನವಕ್ಕೆ ಇಟ್ಟಿಗೆ ಸಿಮೆಂಟು ಬೇಡ. ಬಣ್ಣದ ತಟ್ಟೆ, ತಿಂಗಳಿಗೊಮ್ಮೆ ತೂಕ, ಮೂರು ತಿಂಗಳಿಗೊಮ್ಮೆ ಔಷಧದ ಮರುಪರಿಶೀಲನೆ, ನೋವು ಇದೆಯೇ ಎಂದು ನೋಡುವ ಅಭ್ಯಾಸ, ಆಯಾಗಳಿಗೆ ಅವರ ಭಾಷೆಯಲ್ಲಿ ತರಬೇತಿ, ಇಷ್ಟು ಸಾಧಾರಣ ಮನೆಯಲ್ಲೂ ಸಾಧ್ಯ. ಡಿಮೆನ್ಷಿಯಾ ಇರುವವರ ಆಶ್ರಯ ಮನೆಗಳಿಗೆ ಕೇಂದ್ರ ಸರ್ಕಾರದ ಹಿರಿಯ ನಾಗರಿಕರ ಯೋಜನೆಯಡಿ ಅನುದಾನವಿದೆ. ಗುಣಮಟ್ಟದ ಷರತ್ತನ್ನು ಅದಕ್ಕೆ ಜೋಡಿಸಬಹುದು. ತಪಾಸಣೆ ಹೆಚ್ಚಿದರೆ ಲಂಚವೂ ಹೆಚ್ಚುತ್ತದೆ ಎಂಬ ಆಕ್ಷೇಪವೂ ಇದೆ; ಅದಕ್ಕೆ ಉತ್ತರ, ವರದಿಯನ್ನು ಬಹಿರಂಗ ಮಾಡುವುದು. ಕುಟುಂಬಗಳು ಓದುವಂತೆ ಕನ್ನಡದಲ್ಲಿ, ಜಾಲತಾಣದಲ್ಲಿ ಪ್ರಕಟವಾಗುವ ವರದಿಯನ್ನು ಕೊಳ್ಳುವುದು, ಇಲಾಖೆಯ ಬೀರುವಿನಲ್ಲಿ ಕೂತ ವರದಿಯನ್ನು ಕೊಂಡಷ್ಟು ಸುಲಭವಲ್ಲ. ಸುಳ್ಳಾಗಿದ್ದರೆ ಅಲ್ಲಿಗೆ ಹೋಗಿಬಂದ ಮಗಳೋ ಅಳಿಯನೋ ಪ್ರಶ್ನಿಸುತ್ತಾರೆ. ಇನ್ನು ಸಿಸಿಟಿವಿ. ‘ನಿಮ್ಮ ಮೊಬೈಲ್‌ನಲ್ಲೇ ಅಮ್ಮನನ್ನು ನೋಡಿಕೊಳ್ಳಿ’ ಎಂಬ ಭರವಸೆ ದೂರದ ಮಕ್ಕಳಿಗೆ ಸಮಾಧಾನ ಕೊಡುತ್ತದೆ. ಹೊಡೆತವನ್ನು ಕ್ಯಾಮೆರಾ ಹಿಡಿದೀತು. ಮೂರು ಗಂಟೆ ಯಾರೂ ಮಾತಾಡಿಸದಿದ್ದುದು ಪರದೆಯ ಮೇಲೆ ನೆಮ್ಮದಿಯಂತೆ ಕಾಣುತ್ತದೆ. ಬಟ್ಟೆ ಬದಲಿಸುವ ಹೊತ್ತನ್ನೂ ಅದು ಅಪರಿಚಿತರ ಕಣ್ಣಿಗೆ ತೆರೆದಿಡುತ್ತದೆ.

ರಾಜ್ಯ ಸರ್ಕಾರಕ್ಕೆ ಇಲ್ಲಿ ಕೇಂದ್ರದ ಮಸೂದೆಗಾಗಿ ಕಾಯುವ ಅಗತ್ಯವಿಲ್ಲ. ಮರೆವಿನ ಕಾಯಿಲೆಯವರನ್ನು ಇರಿಸಿಕೊಳ್ಳುವ ಪ್ರತಿ ಮನೆಯೂ, ಫಲಕದಲ್ಲಿ ಏನೇ ಬರೆದಿರಲಿ, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕೆಂದು ಸ್ಪಷ್ಟಪಡಿಸಬಹುದು. ತಪಾಸಣೆಗೆ ಹೋಗುವವರಿಗೆ ನಿಮ್ಹಾನ್ಸ್‌ನಂಥ ಸಂಸ್ಥೆಯಲ್ಲಿ ತರಬೇತಿ ಕೊಡಿಸಬಹುದು. ತಿಳಿಸದೆ ಹೋಗಿ, ಒಂದು ಊಟದ ಹೊತ್ತು ಪೂರ್ತಿ ಕೂತು ನೋಡಿದ ದಾಖಲೆ ಇಲ್ಲದ ವರದಿ ಸಿಂಧುವಲ್ಲ ಎಂದು ನಿಯಮದಲ್ಲೇ ಬರೆಯಬಹುದು. ಅದು ಆಗುವವರೆಗೆ ಈ ಕೆಲಸ ಕುಟುಂಬದವರ ಮೇಲೇ ಇದೆ. ತಂದೆಯನ್ನೋ ತಾಯಿಯನ್ನೋ ಸೇರಿಸುವ ಮುನ್ನ ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ, ಒಂದು ಗಂಟೆ ಕೂರಲು ಅನುಮತಿ ಕೇಳಿ. ಸ್ವಾಗತ ಕೋಣೆಯಲ್ಲಿ ಕೂರಬೇಡಿ, ಹಜಾರದಲ್ಲಿ ಕೂರಿ. ಎಷ್ಟು ಜನಕ್ಕೆ ಆ್ಯಂಟಿಸೈಕೋಟಿಕ್ ಮಾತ್ರೆ ನಡೆಯುತ್ತಿದೆ, ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿ ಇರುತ್ತಾರೆ, ಕಳೆದ ತಿಂಗಳು ಯಾರ ತೂಕ ಇಳಿಯಿತು ಎಂದು ಕೇಳಿ. ಸೇರಿಸಿದ ಮೇಲೂ ಒಂದೇ ವಾರ, ಒಂದೇ ಹೊತ್ತಿಗೆ ಹೋಗುವ ರೂಢಿ ಮಾಡಿಕೊಳ್ಳಬೇಡಿ. ಹಿರಿಯರ ಮೇಲೆ ದೌರ್ಜನ್ಯ ನಡೆದಿದೆ ಎನ್ನಿಸಿದರೆ ಯಾರು ಬೇಕಾದರೂ ಕರೆ ಮಾಡಬಹುದಾದ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14567.